ಐದು ಸಾಲಿಗೆ ಮೀರದಂತೆ

ತಾಲೂಕಿನಿಂದ ಬಂದ ನಮೂನೆಯಲ್ಲಿ ಒಂದು ಚೌಕ:
‘ಗ್ರಾಮದ ಭೂಗೋಳ ಮತ್ತು ಇತಿಹಾಸ. ಐದು ಸಾಲಿಗೆ ಮೀರದಂತೆ.’
ಪಂಚಾಯ್ತಿ ಕಂಪ್ಯೂಟರಿನ ಮುಂದೆ ಕೂತಿದ್ದೇನೆ.
ಹನ್ನೊಂದಕ್ಕೆ ಕರೆಂಟು ಹೋಗುತ್ತದೆ.

ಮೊದಲ ಸಾಲು ಸಲೀಸು.
ನೀರಗ್ಯಾಳ. ಬೀದರದಿಂದ ಇಪ್ಪತ್ತಾರು ಕಿಲೋಮೀಟರು, ಅರ್ಧ ಡಾಂಬರು.
ಮನೆ ನೂರಾ ಮೂವತ್ತೊಂದು. ಜನ ಆರುನೂರಾ ಹನ್ನೆರಡು.
ಹದಿಮೂರು ಅನ್ನಬೇಕು,
ನಿನ್ನೆ ರಾತ್ರಿ ಝರೆಪ್ಪನ ಸೊಸೆ ಹಡೆದಳು.

ಎರಡನೆಯದು ನೆಲ.
ಮೇಲೆ ಕೆಂಪು ದಿಣ್ಣೆ, ಕೆಳಗೆ ಮಾಂಜ್ರಾ ಕಡೆ ಜಾರುವ ಎರೆಹೊಲ.
ಕೆಂಪುಗಲ್ಲು ಮಳೆ ಕುಡಿಯುತ್ತದೆ,
ಅದರಡಿಯ ಕರಿಗಲ್ಲು ಬಾಯಿ ಬಿಡುವುದಿಲ್ಲ;
ಎರಡೂ ಕೂಡುವ ಸೆರಗಿನಲ್ಲಿ, ಹುಣಸೆ ಬುಡಕ್ಕೆ,
ಬೆರಳು ದಪ್ಪದ ಝರಿ.
ಊರಾಗಿದ್ದು ಅದಕ್ಕೇ. ಬೇರೆ ಕಾರಣ ಹೇಳುವವರು ದೇವರನ್ನು ತರುತ್ತಾರೆ.
ತರಲಿ. ದೇವರಿಗೂ ಬಾಯಾರಿತ್ತು.

ಗೋಡೆಯ ಕಲ್ಲು ಇಲ್ಲಿ ಬಾಚಿಗೆ
ಬೆಲ್ಲದ ಹಾಗೆ ಬರುತ್ತದೆ.
ಒಂದು ಬೇಸಗೆ ಗಾಳಿಗಿಟ್ಟರೆ ಮುಗಿಯಿತು, ಉಳಿಯೇ ಬಾಗುತ್ತದೆ.
ಖಾಜಾಮಿಯಾನ ಅಜ್ಜ ಅನ್ನುತ್ತಿದ್ದನಂತೆ:
‘ಹಸೀ ಇದ್ದಾಗೇ ಅಳತಿ ಮಾಡ್ಕೋ.’

ಹೆಸರಿನ ಸಾಲು ಬರೆದು ಅಳಿಸಿದೆ, ಬರೆದು ಅಳಿಸಿದೆ.
ನಿಜಾಮನ ದಫ್ತರದಲ್ಲಿ ಬಲದಿಂದ ಎಡಕ್ಕೆ ನಿರ್ಗಿಯಾಲ್,
ಮೋಡಿ ಕಾಗದದಲ್ಲಿ ತಲೆಗೆರೆಗೆ ನೇತುಬಿದ್ದ ನೀರಗಾಳ,
ಈಗಿನ ಪಹಣಿಯಲ್ಲಿ ಯಾರದೋ ಬೆರಳು ಜಾರಿ ನರಗ್ಯಾಳ.
ಮೂರು ಲಿಪಿ ದಾಟಿಯೂ ಊರು ಒಂದು ಮಾರು ಸರಿದಿಲ್ಲ,
ಐವತ್ತಾರರಲ್ಲಿ ಗೆರೆಯೇ ಹತ್ತಿರ ಬಂತು.
ಮಡೆಪ್ಪನ ತಂಗಿ ಕೊಟ್ಟ ಊರು ಮಹಾರಾಷ್ಟ್ರವಾಯಿತು.
ಬುತ್ತಿ ಹೊತ್ತು ಹೋಗುವ ಕಾಲುದಾರಿಗೆ ಯಾರೂ ಹೇಳಲಿಲ್ಲ.
ಧೂಳಪ್ಪ ಮಾಸ್ತರರು ಸಾಲಿಯಲ್ಲಿ ಅಲಿಫ್ ಬೇ ತಿದ್ದಿದವರು,
ಮೂವತ್ತು ವರ್ಷ ಕನ್ನಡ ಕಲಿಸಿದರು;
ಕಡೆಯತನಕ ಲೆಕ್ಕ ಮಾಡುವಾಗ ಮಾತ್ರ
ತುಟಿ ಉರ್ದೂದಲ್ಲಿ ಅಲುಗುತ್ತಿತ್ತು.

ನಾಲ್ಕನೆಯ ಸಾಲಿಗೆ ನಿನ್ನೆ ಕಾಶಮ್ಮನ ಹತ್ತಿರ ಹೋಗಿದ್ದೆ.
‘ನಲವತ್ತೆಂಟರಾಗ ಯಾನಾಯ್ತು ಆಯೀ?’
ಆಕೆ ಹಿತ್ತಲಿಗೆ ಕರೆದೊಯ್ದು ಹಗೇವು ತೋರಿಸಿದಳು.
ಬಾಯಿಗೆ ಚಪ್ಪಡಿ, ಚಪ್ಪಡಿ ಮೇಲೆ ಮೆಲುಕು ಹಾಕುವ ಮೇಕೆ.
‘ಶ್ರಾವಣದಾಗ ನಮ್ಮನ್ನ ಇದರಾಗ ಇಳಿಸಿ
ಮ್ಯಾಲ ಕಟಗಿ ಒಟ್ಟಿದಾಕಿ ಹಲೀಮಾಬಿ.
ಭಾದ್ರಪದದಾಗ ಹಲೀಮಾಬೀನ, ಆಕಿ ಎರಡು ಕೂಸಿನ ಇಳಿಸಿ
ಕಟಗಿ ಒಟ್ಟಿದಾಕಿ ನಮ್ಮವ್ವ.
ಕಟಗಿ ಅವೇ.’

ಮೇಕೆ ನನ್ನ ಸೆರಗು ಮೂಸಿತು.
‘ಒಳಗ ಯಾನ್ ಮಾಡ್ತಿದ್ರಿ?’
‘ಯಾನ್ ಮಾಡೋದು. ಜ್ವಾಳ ಇದ್ದವಲ್ಲ ಬುಡಕ.
ಅಗಿಬ್ಯಾಡ, ಸಪ್ಪಳಾಗ್ತದ ಅಂತಿದ್ಲು ಅವ್ವ.
ಮೆತ್ತಗಾಗೋತನ ನಾಲಿಗಿ ಮ್ಯಾಲ ಇಟ್ಕೊಂಡು ಕುಂತಿದ್ದೆ.’

ಆಮೇಲೆ, ನಾನು ಏಳುವಾಗ, ತನ್ನಷ್ಟಕ್ಕೇ ಅಂದಳು:
‘ಹಗೇವಿಗೆ ಮೊದಲ ದೀಪ ಇಳಿಸ್ತಾರ, ತಿಳೀತೇನು.
ಆರಿದ್ರ ಮನುಷ್ಯಾ ಇಳಿಬಾರ್ದು.
ಅವತ್ತು ದೀಪ ಹಚ್ಚಲಿಕ್ಕ ಯಾರಿಗಿ ಪುರಸೊತ್ತಿತ್ತು.’

ಹಲೀಮಾಬಿಯ ಗಂಡನ ಬಗ್ಗೆ ಕೇಳಲಿಲ್ಲ.
ಕಾಶಮ್ಮನ ಸೋದರಮಾವನ ಬಗ್ಗೆ ಆಕೆಯೂ ಹೇಳಲಿಲ್ಲ.

ಹನ್ನೊಂದಾಯಿತು. ಪರದೆ ಕಪ್ಪಾಯಿತು.
ನಮೂನೆಯ ಹಿಂಬದಿಗೆ ಪೆನ್ನಿನಿಂದ ಬರೆಯುತ್ತಿದ್ದೇನೆ:
‘ಗ್ರಾಮದಲ್ಲಿ ಒಂದು ಹಗೇವು ಇದೆ. ಆಳ’
ಆಳ ಕೇಳುವುದೇ ಮರೆತಿದೆ.
ಸಂಜೆ ಮತ್ತೆ ಹೋಗಬೇಕು, ಮೇಕೆಯನ್ನು ಸರಿಸಿ,
ಹಗ್ಗದ ತುದಿಗೆ ಕಂದೀಲು ಕಟ್ಟಿಕೊಂಡು.